ಅತಿ ಚಿಕ್ಕ ಮೀನಿನ ಅಳತೆ

"ಗುರುಗಳೇ, ನನ್ನ ಪಾಠಶಾಲೆಯಲ್ಲೀಗ ಮುನ್ನೂರು ಶಿಷ್ಯರಿದ್ದಾರೆ. ಇನ್ನೂ ನೂರು ಜನ ಬಾಗಿಲಲ್ಲಿ ನಿಂತಿದ್ದಾರೆ. ಅವರನ್ನೂ ಸೇರಿಸಿಕೊಳ್ಳಲೇ?"

ಕೇಳಿದವನು ಮರುಳಯ್ಯ. ಇದೇ ಗುರುಗಳ ಬಳಿ ಹನ್ನೆರಡು ವರ್ಷ ಕಲಿತು, ಊರಿಗೆ ಹೋಗಿ ಸ್ವಂತ ಪಾಠಶಾಲೆ ಕಟ್ಟಿದವನು. ಕೇಳುವಾಗಲೇ ಅವನ ಎದೆ ಉಬ್ಬಿತ್ತು. ಇದು ಪ್ರಶ್ನೆಯೋ ವರದಿಯೋ ಎಂದು ಗುರುಗಳಿಗೆ ನಗು ಬಂತು. ಶಿಷ್ಯ ಬೆಳೆದನೆಂಬ ಹೆಮ್ಮೆ ಅವರಿಗೂ ಇತ್ತು. ಅದನ್ನವರು ಬಚ್ಚಿಡಲಿಲ್ಲ.

"ನನ್ನ ಹೆಸರು ಉಳಿಸಿದೆ, ಮರುಳಯ್ಯ. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ಬೆಟ್ಟದೂರು. ಅಲ್ಲಿಯ ತೊರೆಯ ನೀರು ಬೇಸಿಗೆಯಲ್ಲೂ ಕೈ ಕೊರೆಯುವಷ್ಟು ತಣ್ಣಗಿರುತ್ತಿತ್ತು. ಆ ನೀರಿಗೆ ಹೇಳಿಮಾಡಿಸಿದ ಮೀನು ಟ್ರೌಟ್. ಊರವರು ತೊರೆಯನ್ನು ಕಲ್ಲಿನ ತೊಟ್ಟಿಗಳಿಗೆ ಹಾಯಿಸಿ ಅದರ ಮರಿಗಳನ್ನು ಸಾಕುತ್ತಿದ್ದರು. ಎಲ್ಲಕ್ಕೂ ಮೇಲಿನ ತೊಟ್ಟಿಗೆ ಹೊಸ ನೀರು. ಅದನ್ನು ದಾಟಿ ಬಂದ ನೀರು ಕೆಳಗಿನವುಗಳಿಗೆ. ಹಾಗಾಗಿ ಮೇಲಿನ ತೊಟ್ಟಿಗೆ ಎಲ್ಲರಿಗೂ ಆಸೆ.

ಅದು ಯಾರಿಗೆಂದು ವರ್ಷಕ್ಕೊಮ್ಮೆ ತೀರ್ಮಾನವಾಗುತ್ತಿತ್ತು. ಊರ ಹಿರಿಯ ಕಣ್ಣು ಮುಚ್ಚಿಕೊಂಡು ಪ್ರತಿ ತೊಟ್ಟಿಗೂ ಒಂದೇ ಸಲ ಬಲೆ ಹಾಕುತ್ತಿದ್ದ. ಬಲೆಗೆ ಬಂದ ಅತಿ ಚಿಕ್ಕ ಮೀನನ್ನು ಅಳೆಯುತ್ತಿದ್ದ. ಯಾರ ಚಿಕ್ಕ ಮೀನು ಉಳಿದವರ ಚಿಕ್ಕ ಮೀನಿಗಿಂತ ಉದ್ದವೋ, ಆ ವರ್ಷ ಮೇಲಿನ ತೊಟ್ಟಿ ಅವರದು.

ಅಪ್ಪನ ಕಾಲದಿಂದ ಆ ತೊಟ್ಟಿಯನ್ನು ಗೆದ್ದುಕೊಂಡು ಬಂದ ಒಬ್ಬ ರೈತನಿದ್ದ. ಒಂದು ವರ್ಷ ಅವನು ಎರಡರಷ್ಟು ಮರಿ ಬಿಟ್ಟ. ತಿನಿಸನ್ನೂ ಎರಡರಷ್ಟು ಹಾಕಿದ. ಇನ್ನೇನು ಕೊರತೆ? ತಿನಿಸು ಎರಚಿದರೆ ನೀರು ಕುದಿದಂತೆ ಕಾಣುತ್ತಿತ್ತು. ದಪ್ಪ ದಪ್ಪ ಮೀನುಗಳು ಮೇಲೆ ನೆಗೆಯುತ್ತಿದ್ದವು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದ. ತೋರಿಸುವಾಗ ಅವನ ಕೈ ಮೀಸೆಯ ಮೇಲೇ ಇರುತ್ತಿತ್ತು.

ಕೆಳಗಿನ ತೊಟ್ಟಿ ಒಬ್ಬ ಮುದುಕಿಯದು. ಆಕೆ ಕೆಲವೇ ಮರಿಗಳನ್ನು ಬಿಟ್ಟಿದ್ದಳು.

"ಅಜ್ಜೀ, ನಿನ್ನ ತೊಟ್ಟಿ ಭಣಗುಟ್ತಾ ಇದೆಯಲ್ಲ! ನನ್ನವು ಒಂದಷ್ಟು ಕೊಡ್ಲಾ?" ಎಂದ ರೈತ.

"ಬೇಡ ಕಣಪ್ಪ. ನನ್ನ ತೊಟ್ಟೀಲಿ ಯಾವ ಮೀನು ಬೇಕಾದ್ರೂ ಎತ್ತಿ ನೋಡು. ಒಂದಕ್ಕೂ ನಾನು ತಲೆ ತಗ್ಗಿಸೋ ಹಾಗಿಲ್ಲ" ಎಂದಳು ಮುದುಕಿ. ಅವಳ ಹೆಮ್ಮೆಯೇನೂ ಕಡಿಮೆಯದಲ್ಲ.

ಅಳತೆಯ ದಿನ ಬಂತು. ರೈತನ ತೊಟ್ಟಿಯಿಂದ ಬಲೆ ಎತ್ತಲು ಇಬ್ಬರು ಕೈ ಹಾಕಬೇಕಾಯಿತು. ಜನ ಹೋ ಎಂದರು. ಮೇಲಿದ್ದ ಮೀನುಗಳು ಮೊಳದುದ್ದ. ಹಿರಿಯ ಅವನ್ನು ಒಂದೊಂದಾಗಿ ಬದಿಗಿಟ್ಟ. ಬಲೆಯ ತಳದಲ್ಲಿ ಬೆರಳುದ್ದದ ಒಂದು ಮೀನು ಉಳಿಯಿತು. ಅದರ ರೆಕ್ಕೆಗಳನ್ನು ಬೇರೆ ಮೀನುಗಳು ಕಚ್ಚಿ ಹರಿದಿದ್ದವು. ದೊಡ್ಡವುಗಳ ನೂಕಾಟದಲ್ಲಿ ತಿನಿಸಿನ ಹತ್ತಿರ ಬರಲಾರದೆ, ಅದು ವರ್ಷವೆಲ್ಲ ಮೂಲೆಯಲ್ಲೇ ಉಳಿದಿತ್ತು.

ರೈತನ ಮುಖ ಕಪ್ಪಿಟ್ಟಿತು. "ಇದು ನನ್ನದಲ್ಲ! ಇಂಥ ಮೀನನ್ನ ನನ್ನ ತೊಟ್ಟೀಲಿ ನಾನು ನೋಡೇ ಇಲ್ಲ" ಎಂದ.

"ನೋಡಿಲ್ಲ ಅನ್ನೋದು ನಿಜ" ಎಂದ ಹಿರಿಯ.

ಮುದುಕಿಯ ಬಲೆಗೆ ಬಂದದ್ದು ಏಳೇ ಮೀನು. ಅತಿ ಚಿಕ್ಕದೂ ಗೇಣುದ್ದ ಮೀರಿತ್ತು. ಆ ವರ್ಷ ಹೊಸ ನೀರು ಅವಳ ಪಾಲಾಯಿತು. ಆಕೆ ಸೆರಗು ಬಿಗಿದು ಎಲ್ಲರ ಮುಂದೆಯೇ ಮೇಲಿನ ತೊಟ್ಟಿಗೆ ಹತ್ತಿಹೋದಳು.

ಗುರುಗಳು ಕತೆ ನಿಲ್ಲಿಸಿದರು. ಆದರೂ ಮರುಳಯ್ಯನ ಎದೆ ಇಳಿಯಲಿಲ್ಲ.

"ಆದರೆ ಗುರುಗಳೇ, ನನ್ನ ಶಿಷ್ಯರಲ್ಲಿ ಹತ್ತು ಮಂದಿ ದೊಡ್ಡ ದೊಡ್ಡ ಸಭೆಗಳಲ್ಲಿ ವಾದ ಗೆದ್ದು ಬಂದಿದ್ದಾರೆ. ಅವರ ಹೆಸರು ತಮ್ಮ ಕಿವಿಗೂ ಬಿದ್ದಿರಬೇಕು" ಎಂದ.

"ಬಿದ್ದಿದೆ. ಈಗ ನಿನ್ನ ಪಾಠಶಾಲೆಯ ಕಡೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂರುವವನ ಹೆಸರು ಹೇಳು" ಎಂದರು ಗುರುಗಳು.

ಮರುಳಯ್ಯ ಬಾಯಿ ತೆರೆದ. ಹೆಸರು ಬರಲಿಲ್ಲ.