ಸಮಾಧಾನ ಎಲೀಲ್ ಹೊರಗ ಹಾಕಿದ್ದು

ಬೆಟಗೇರಿಯ ನೇಕಾರರ ಓಣಿಯೊಳಗ ಸುವಾರ್ತವ್ವ ಅಂತ ಒಬ್ಬಾಕಿ ಇದ್ದಳು. ಆಕಿಗೆ ಒಬ್ಬನೇ ಮಗ, ಹೆಸರು ಸಮಾಧಾನ. ಹೇಳಿದ್ದನ್ನ ಹೇಳಿದಂಗ ಮಾಡೋ ಪೆದ್ದ. ಗಂಡ ದಾನಿಯೇಲಪ್ಪ ಸೊಲ್ಲಾಪುರದ ಗಿರಣಿಗೆ ಹೋದಾಗ ಮಗ ಇನ್ನೂ ತೊಟ್ಟಿಲೊಳಗಿದ್ದ. ಹೋದಾಂವ ಹೋದ, ಮಗ ಮೀಸಿ ಬಂದು ದೊಡ್ಡಾಂವ ಆದ್ರೂ ಪತ್ತೆ ಇಲ್ಲ. ಸುವಾರ್ತವ್ವ ಮಾತ್ರ ದಿನಾ ಸಂಜಿಗೆ ಮಗ್ಗ ನಿಲ್ಲಿಸಿ ಸ್ಟೇಷನ್ ದಾರಿ ನೋಡಾಕಿ. ರೈಲಿನ ಸಪ್ಪಳ ಕೇಳಿದ್ರ ಸೆರಗು ಸರಿ ಮಾಡ್ಕೊಳ್ಳಾಕಿ. ಪಾಪ, ಅಷ್ಟು ಆಸೆ.

ಒಂದು ಆಯ್ತವಾರ ಚರ್ಚಿನಾಗ ಪಾದ್ರಿ ಅಯ್ಯನವರು ಹೇಳಿದ್ರು: "ಸುಳ್ಳು ದೇವರಿಗೆ ಬೈಬಲ್ಲಿನ ಹಳೇ ಇಬ್ರಿಯರು ಎಲೀಲ್ ಅಂತಿದ್ರು. ಅಂದ್ರ ಏನೂ ಇಲ್ಲದ್ದು, ಬರೀ ಪೊಳ್ಳು. ಕೈಲಾಗದ್ದು ಅನ್ನೋ ಮಾತಿನಿಂದ ಬಂತು ಅಂತಾರ ಕೆಲವು ಪಂಡಿತರು. ದೇವರಿಗೆ ಏಲ್ ಅಂತಿದ್ರು, ಅದನ್ನ ಗೇಲಿ ಮಾಡಿ ಸಣ್ಣದು ಮಾಡಿದ್ದು ಅಂತಾರ ಉಳಿದವರು. ಕರೆದ್ರ ಓ ಅನ್ನಂಗಿಲ್ಲ, ಅದೇ ಎಲೀಲ್. ಮನಿಯಾಗ ಇಟ್ಕೋಬ್ಯಾಡ್ರಿ."

ಸಮಾಧಾನ ಮನಿಗೆ ಬಂದು ಕೊಡ ಕರೆದ. ಓ ಅನ್ನಲಿಲ್ಲ, ಹೊರಗ ಒಗೆದ. ರೊಟ್ಟಿ ಹಂಚು ಕರೆದ. ಓ ಅನ್ನಲಿಲ್ಲ, ಹೊರಗ ಒಗೆದ. ಗ್ವಾಡಿ ಮ್ಯಾಲಿನ ಫೋಟೋ ನೋಡಿ "ಅಪ್ಪಾ" ಅಂದ. ಕಾದ. ಇನ್ನೊಮ್ಮೆ ಮೆಲ್ಲಕ "ಅಪ್ಪಾ" ಅಂದ. ಓ ಅನ್ನಲಿಲ್ಲ. ಒಲಿಗೆ ಹಾಕಿದ.

"ಆ ಮಾರಿ ನೋಡ್ಕೋತ ಬದುಕಿದ್ನೆಲ್ಲೋ, ಅದನ್ನೂ ಸುಟ್ಟೆಲ್ಲೋ" ಅಂತ ಸುವಾರ್ತವ್ವ ಒಲಿ ಮುಂದ ಕೂತು ಅತ್ತಳು. "ಓ ಅನ್ನೋದಲ್ಲೋ ಹುಚ್ಚಪ್ಪಾ. ದಿನಾ ಯಾವುದರ ಮುಂದ ತಲಿ ಬಗ್ಗಿಸ್ತೀವಿ, ಅದು ಎಲೀಲ್."

"ಹೌದೇನು ಯವ್ವಾ? ಮೊದಲ ಹೇಳಬಾರದಾ?"

ಮರುದಿನ ನೋಡಿದ. ಎಲ್ಲಾರೂ ತಲಿ ಬಗ್ಗಿಸೋದು ಯಾವುದಕ್ಕ? ಬಾಗಿಲಕ್ಕ. ಗಿಡ್ಡ ಬಾಗಿಲು, ಬಗ್ಗದಿದ್ರ ಹಣಿ ಒಡೀತದ. ಹಿಂದ ಪ್ರಾರ್ಥನಿಗೆ ಬಂದಾಗ ಅಯ್ಯನವರೂ ಬಗ್ಗೇ ಬಂದಿದ್ರು. ಹಾರಿ ತಂದು ಚೌಕಟ್ಟು ಕಿತ್ತ. ಅರ್ಧ ಗ್ವಾಡಿ ಕುಸೀತು.

ಸುವಾರ್ತವ್ವಗ ಬೈಯಾಕೂ ತ್ರಾಣ ಇರಲಿಲ್ಲ. "ತಲಿ ಬಗ್ಗೋದಲ್ಲೋ, ಮನಸ್ಸು. ದೇವರನ್ನೂ ಮರೆತು ಜೀವ ಯಾವುದಕ್ಕ ಹಂಬಲಿಸ್ತದ, ಅದು ಎಲೀಲ್. ಇನ್ನ ಸುಮ್ಮನಿರು" ಅಂದಳು. ಕಣ್ಣು ಮಾತ್ರ ಸ್ಟೇಷನ್ ದಾರಿ ಮ್ಯಾಲ.

ಒಂದಿನ ಆಕಿ ನೂಲು ತರಾಕ ಹೋದಾಗ, ಟ್ರಂಕ್ ಹೊತ್ತ ಮುದುಕ ಒಬ್ಬಾಂವ ಬಂದ.

"ಸುವಾರ್ತಿ ಮನಿ ಇದೇನಪ್ಪಾ? ನಾ ದಾನಿಯೇಲಪ್ಪ. ನೀ ಸಮಾಧಾನ ಏನು?"

"ಓ" ಅಂದ ಸಮಾಧಾನ. ಮುದುಕ ಅವನನ್ನ ತಬ್ಬಿಕೊಂಡು ಅತ್ತ. ಸಮಾಧಾನನೂ ಅತ್ತ.

"ನಿಮ್ಮವ್ವ ನನ್ನ ನೆನಸ್ತಾಳೇನು?"

"ನೆನಸೋದಾ? ಪ್ರಾರ್ಥನಿಗೆ ಕೂತ್ರೂ ನಿಮ್ಮದಾ ಹಂಬಲ."

"ಹಂಗಾದ್ರ ಒಳಗ ಬರ್ಲಾ?"

ಸಮಾಧಾನ ಅಡ್ಡ ನಿಂತ. "ಬರಬ್ಯಾಡ್ರಿ. ನಿಮ್ಮಂಥವರು ಈ ಮನಿಯಾಗ ಇರೋಹಂಗಿಲ್ಲ. ಅವ್ವನೇ ಹೇಳ್ಯಾಳ."

ದಾನಿಯೇಲಪ್ಪ ಟ್ರಂಕ್ ಕೆಳಗಿಟ್ಟ. "ಆಕಿ ಹೇಳಿದ್ದು ಖರೇ ಅದ. ತಪ್ಪು ನಂದು" ಅಂದ. ಮುದುಕರಿಗೆ ಭಾರ ಆದೀತು ಅಂತ ಸಮಾಧಾನನೇ ಟ್ರಂಕ್ ಹೊತ್ತು ಸ್ಟೇಷನ್ನಿಗೆ ಕರ್ಕೊಂಡು ಹೋದ. ಕಿಟಕಿ ಕಡೆ ಕೂಡ್ರಿಸಿದ. ರೈಲು ಕಣ್ಮರಿ ಆಗೋತನಕ ಕೈ ಬೀಸಿದ.

ಸುವಾರ್ತವ್ವ ನೂಲಿನ ಗಂಟು ಹೊತ್ತು ಬಂದಳು. ಮಗ ಕಣ್ಣು ಒರಿಸ್ಕೋತ ನಕ್ಕ.

"ಯವ್ವಾ, ಈ ಸಲ ಸರಿಯಾಗಿ ಮಾಡೇನಿ. ಇನ್ನ ನೀ ದಾರಿ ನೋಡೋದು ಬ್ಯಾಡ. ಅಪ್ಪ ಬಂದಿದ್ದ, ರೈಲು ಹತ್ತಿಸಿ ಬಂದೆ."