ಕಲ್ಲು ಮತ್ತು ಹೊಂಗೆ ಹೂವು

ಹೊಳೆದಂಡೆಯ ಆಶ್ರಮದಲ್ಲಿ ಕೋನೇರಾಚಾರ್ಯರು ಛಂದಸ್ಸು ಕಲಿಸುತ್ತಿದ್ದರು. ಶಿಷ್ಯರು ಪದ್ಯವನ್ನು ಮರಳಿನ ಮೇಲೆ ಹರಡಿ ನೋಡಬೇಕು. ತೂಕದ ಅಕ್ಷರಕ್ಕೆ ಒಂದು ಕಲ್ಲು, ಹಗುರ ಅಕ್ಷರಕ್ಕೆ ಒಂದು ಹೊಂಗೆ ಹೂವು. ಸಾಲು ಮುಗಿದಾಗ ಛಂದಸ್ಸು ಯಾವುದೆಂದು ಕಣ್ಣಿಗೇ ಕಾಣುತ್ತಿತ್ತು.

ಸೇತುರಾಮ ಎಲ್ಲರಿಗಿಂತ ಹಿರಿಯ ಶಿಷ್ಯ. ಕಲ್ಲು ಹೂವು ಜೋಡಿಸಿ ಜೋಡಿಸಿಯೇ ಅವನಿಗೆ ಮೀಸೆ ಬಂದಿತ್ತು. ಆಚಾರ್ಯರಿಗೆ ವಯಸ್ಸಾಯಿತು, ಮುಂದೆ ಪಾಠ ಹೇಳುವ ಮಣೆ ತನ್ನದೇ ಎಂದು ನಂಬಿಕೊಂಡಿದ್ದ.

ಅಷ್ಟರಲ್ಲಿ ಮುಕುಂದ ಎಂಬ ಹೊಸ ಶಿಷ್ಯ ಬಂದ. ಯಾರಾದರೂ ಪದ್ಯ ಓದಿದರೆ ಸಾಕು, ಹೀರೇಕಾಯಿ ಹೆರೆಯುತ್ತ ಕೂತವನು ತಲೆ ಎತ್ತದೆ, "ಮತ್ತೇಭವಿಕ್ರೀಡಿತ ಅಲ್ವಾ?" ಎಂದು ಛಂದಸ್ಸಿನ ಹೆಸರು ಹೇಳಿಬಿಡುತ್ತಿದ್ದ. ಸೇತುರಾಮ ಆಗಿನ್ನೂ ಮೊದಲ ಸಾಲಿಗೆ ಹೂವು ಆರಿಸುತ್ತಿದ್ದ.

ಸೇತುರಾಮನಿಗೆ ಹೊಟ್ಟೆ ಉರಿಯಿತು. ಮುಕುಂದ ನಕ್ಕರೂ ಉರಿ, ಸುಮ್ಮನಿದ್ದರೂ ಉರಿ.

"ನಾಳೆಯಿಂದ ಪಾಠ ಮುಕುಂದ ಹೇಳಲಿ" ಎಂದು ಆಚಾರ್ಯರು ಅಂದ ದಿನ ಸೇತುರಾಮ ಅರ್ಧ ಊಟದಲ್ಲೇ ಎದ್ದ. ಊಟ ಮುಗಿಸಿ ಹೊಳೆಯಲ್ಲಿ ಕೈ ತೊಳೆಯುತ್ತಿದ್ದ ಆಚಾರ್ಯರ ಬಳಿ ಬಂದು ನಿಂತ.

"ಗುರುಗಳೇ, ಮುಕುಂದ ಮೋಸಗಾರ. ಅವನನ್ನು ಆಶ್ರಮದಿಂದ ಕಳಿಸಿಬಿಡಿ."

"ಏನು ಮಾಡಿದನಪ್ಪಾ?"

"ಪದ್ಯಗಳನ್ನೆಲ್ಲ ಮೊದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ. ಈಗ ಕೇಳಿ ಗುರುತಿಸಿದ ಹಾಗೆ ನಾಟಕ ಆಡ್ತಾನೆ."

"ಹೌದೇ? ಹಾಗಾದರೆ ನಿನ್ನ ವಾದವನ್ನೂ ಮರಳಿನ ಮೇಲೆ ಹರಡು. ಕಂಡ ಮಾತಿಗೆ ಕಲ್ಲು, ಊಹಿಸಿದ ಮಾತಿಗೆ ಹೂವು."

ಸೇತುರಾಮ ಕೂತ. "ಹರಡಿ ನೋಡದೆ ನನಗೆ ಛಂದಸ್ಸು ಗೊತ್ತಾಗುವುದಿಲ್ಲ" ಎಂದು ಕಲ್ಲು ಇಟ್ಟ. "ಅವನಿಗೆ ಗೊತ್ತಾಗುತ್ತದೆ" ಎಂದು ಇನ್ನೊಂದು ಕಲ್ಲು ಇಟ್ಟ.

"ಇಷ್ಟು ವರ್ಷ ಕಲಿತ ನನಗೇ ಆಗದ್ದು ನಿನ್ನೆ ಮೊನ್ನೆ ಬಂದವನಿಗೆ ಹೇಗೆ ಆಗುತ್ತದೆ? ಅಂದಮೇಲೆ ಬಾಯಿಪಾಠವೇ."

"ಬಾಯಿಪಾಠ ಮಾಡುವುದನ್ನು ಕಂಡೆಯಾ?"

"ಇಲ್ಲ." ಹೂವು ಇಟ್ಟ. "ಆದರೆ ಎಲ್ಲರೂ ಅದನ್ನೇ ಮಾತಾಡ್ತಾರೆ."

"ಅವರಿಗೆ ಯಾರು ಹೇಳಿದರು?"

ಸೇತುರಾಮ ತಲೆ ತಗ್ಗಿಸಿದ. "ನಾನೇ." ಮತ್ತೊಂದು ಹೂವು ಇಟ್ಟ.

"ನೇರವಾಗಿ ಕೇಳಿದರೆ ಮುಕುಂದ ನಕ್ಕುಬಿಟ್ಟ ಗುರುಗಳೇ. ತಪ್ಪು ಮಾಡದವನು ಯಾಕೆ ನಗಬೇಕು?"

ಆಚಾರ್ಯರು ಕೇಳುವ ಮೊದಲೇ ಸೇತುರಾಮ ತಾನಾಗಿ ಇನ್ನೊಂದು ಹೂವು ಇಟ್ಟ.

ಆಚಾರ್ಯರು ಬೊಗಸೆಯಲ್ಲಿ ನೀರು ತಂದು ಆ ಸಾಲಿನ ಮೇಲೆ ಹುಯ್ದರು. ಹೂವುಗಳು ಹೊಳೆಗೆ ಹರಿದು ಹೋದವು.

"ಉಳಿದದ್ದನ್ನು ಓದು."

ಸೇತುರಾಮ ಎರಡು ಕಲ್ಲುಗಳನ್ನೇ ನೋಡುತ್ತ ಕೂತ.

"ನನಗೆ ಬರುವುದಿಲ್ಲ. ಅವನಿಗೆ ಬರುತ್ತದೆ." ಅವನ ಕಣ್ಣು ತುಂಬಿತು. "ಇದನ್ನು ಹೇಗೆ ಸಹಿಸಲಿ ಗುರುಗಳೇ?"

ಆಚಾರ್ಯರು ಮೆಲ್ಲಗೆ ಅವನ ಪಕ್ಕದಲ್ಲೇ ಕೂತರು.

"ಹರಡದೆ ನನಗೂ ಬರುವುದಿಲ್ಲ ಕಣೋ. ನಾಳೆ ಮುಕುಂದನ ಎದುರಿಗೆ ಮೊದಲ ಸಾಲಿನಲ್ಲಿ ಕೂತುಕೋ. ಪಕ್ಕದಲ್ಲಿ ನನಗೂ ಒಂದು ಜಾಗ ಹಿಡಿದಿಟ್ಟಿರು."