ಪ್ಲಾಸ್ಟಿಕ್ ಹಾಳೆ ತೆಗೆಯದವನು

"ಬುದ್ಧೀ, ಇಷ್ಟೊಂದು ವ್ರತ ಹಿಡಿದರೂ ನನ್ನ ಮನಸ್ಸಿನ ಕುದಿ ಯಾಕೆ ಆರುವುದಿಲ್ಲ?" ಎಂದು ಶಿಷ್ಯ ಪಂಚಾಕ್ಷರಿ ಗುರುಗಳನ್ನು ಕೇಳಿದ.

ಅವನಿಗೆ ಸಾಕುಸಾಕಾಗಿತ್ತು. ಒಪ್ಪೊತ್ತು ಉಂಡಿದ್ದ, ಬರಿನೆಲದ ಮೇಲೆ ಮಲಗಿದ್ದ, ಜಪ ಹೆಚ್ಚಿಸಿದ್ದ. ಆದರೆ ಆ ಬೆಳಿಗ್ಗೆ ತಂಗಿ ಬಂದು ಮಠದ ಜಗಲಿಯಲ್ಲಿ ಕೂತಿದ್ದಾಳೆಂದು ತಿಳಿದದ್ದೇ ತಡ, ಹಳೆಯ ಸಿಟ್ಟು ಮತ್ತೆ ಎದ್ದಿತ್ತು. ಅಪ್ಪ ತೀರಿಕೊಂಡಾಗ ಅವಳು ಎಲ್ಲ ಮುಗಿದ ಮೇಲೆ ಅವನಿಗೆ ಸುದ್ದಿ ಮುಟ್ಟಿಸಿದ್ದಳು. ಅದನ್ನು ಅವನು ಮರೆತಿರಲಿಲ್ಲ.

"ಅವಳೊಡನೆ ಮಾತಾಡಿದರೆ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಶಾಂತಿ ಕೆಟ್ಟುಹೋಗುತ್ತದೆ. ನನಗೆ ಮೌನವ್ರತ ಕೊಟ್ಟುಬಿಡಿ."

"ವ್ರತ ಎಲ್ಲಿಗೂ ಓಡಿಹೋಗುವುದಿಲ್ಲ, ಕೂತುಕೋ," ಎಂದು ಗುರುಗಳು ನಿಟ್ಟುಸಿರು ಬಿಟ್ಟು ಕತೆ ತೆಗೆದರು.

ಒಬ್ಬ ಔಷಧಿ ಅಂಗಡಿಯವನಿದ್ದ. ಭಾರಿ ಜೋಪಾನದ ಮನುಷ್ಯ. ಹೊಸ ಸಾಮಾನಿನ ಕವರ್ ತೆಗೆದರೆ ಅವನ ಜೀವವೇ ಹೋಗುತ್ತಿತ್ತು. ಸೋಫಾಕ್ಕೆ ಪ್ಲಾಸ್ಟಿಕ್, ಟಿವಿ ರಿಮೋಟಿಗೆ ಪ್ಲಾಸ್ಟಿಕ್, ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ಬಂದ ಹಾಳೆ ಹಳದಿಯಾದರೂ ಹಾಗೆಯೇ. ಬಂದವರು ಸೋಫಾದ ಮೇಲೆ ಕೂತು ಬೆವರುತ್ತಿದ್ದರು. ಇವನಿಗೇನು, ಸೋಫಾ ಹೊಸದಾಗಿತ್ತಲ್ಲ! ಮಾತಿನಲ್ಲೂ ಅದೇ ಜೋಪಾನ. ಮನೆಯಲ್ಲಿ ಯಾರಾದರೂ ಮನಸ್ಸು ಬಿಚ್ಚಿ ಮಾತಾಡತೊಡಗಿದರೆ ಎದ್ದು ಹೊರಗೆ ಹೋಗುತ್ತಿದ್ದ. ಹೆಂಡತಿಗೆ ಸಾಕಾಯಿತು. ಮಗಳನ್ನು ಕರೆದುಕೊಂಡು ಬೇರೆ ಊರಿಗೆ ಹೋದಳು.

ಮಗಳು ಬೆಳೆದಳು. ಒಂದು ದಿನ ಫೋನಿನಲ್ಲಿ, "ನೀನೂ ಒಂದು ಗೇಮಿಂಗ್ ಕಂಪ್ಯೂಟರ್ ಮಾಡಿಕೋ ಅಪ್ಪ. ಭಾನುವಾರ ಇಬ್ಬರೂ ಒಟ್ಟಿಗೆ ಆಡೋಣ, ಆಡುತ್ತಾ ಮಾತಾಡೋಣ," ಎಂದಳು. ಅವನಿಗೆ ಸ್ವರ್ಗವೇ ಸಿಕ್ಕಂತಾಯಿತು. ಬಿಡಿಭಾಗ ತರಿಸಿದ. ವಿಡಿಯೋ ನೋಡಿ ನೋಡಿ, ಊಟದ ಮೇಜಿನ ಮೇಲೆ ತಾನೇ ಜೋಡಿಸಿದ. ಗುಂಡಿ ಒತ್ತಿದಾಗ ದೀಪ ಹತ್ತಿತು. ಅವನ ಕಣ್ಣು ತುಂಬಿ ಬಂತು.

ಭಾನುವಾರ ಆಟ ಶುರುವಾಯಿತು. ಮಗಳು ತನ್ನ ಕಾಲೇಜಿನ ಕಷ್ಟ ಹೇಳತೊಡಗಿದಳು. ಆಟ ಬಿರುಸಾಯಿತು. ಅಷ್ಟರಲ್ಲಿ ಯಂತ್ರ ವಿಪರೀತ ಬಿಸಿಯಾಗಿ ಫಕ್ಕನೆ ಆರಿಹೋಯಿತು.

ಅವನು ಒಂದು ಫ್ಯಾನು ಹೆಚ್ಚಿಗೆ ಹಾಕಿದ. ಮುಂದಿನ ಭಾನುವಾರವೂ ಅದೇ ಪಾಡು. ಇನ್ನೊಂದು ಫ್ಯಾನು ಹಾಕಿದ. ಕೊನೆಗೆ ಕಂಪ್ಯೂಟರಿನ ಡಬ್ಬಿಯ ಮುಚ್ಚಳ ಬಿಚ್ಚಿ ಪಕ್ಕದಲ್ಲಿ ಟೇಬಲ್ ಫ್ಯಾನನ್ನೇ ತಂದಿಟ್ಟ. ಗಾಳಿಗೆ ಕಿಟಕಿಯ ಪರದೆ ಹಾರಿತು, ಯಂತ್ರ ಮಾತ್ರ ತಣ್ಣಗಾಗಲಿಲ್ಲ. ಪಾಪ, ಸೋತುಹೋದ.

ಮಗಳು ಫೋನ್ ಮಾಡಿದಳು. "ನಾನು ಮಾತು ಶುರು ಮಾಡಿದಾಗಲೇ ಎದ್ದು ಹೋಗುತ್ತೀಯ. ಮನೆಯಲ್ಲಿದ್ದಾಗಲೂ ಹೀಗೇ ಮಾಡುತ್ತಿದ್ದೆ. ನನಗೂ ಸಾಕಾಗಿದೆ ಅಪ್ಪ, ಇನ್ನು ಮೇಲೆ ಭಾನುವಾರ ನಾನು ಬರುವುದಿಲ್ಲ."

"ದೇವರಾಣೆಗೂ ನಾನು ಏಳಲಿಲ್ಲ ಮಗಳೇ. ಎಷ್ಟು ಫ್ಯಾನು ಹಾಕಿದರೂ ಇದು ಬಿಸಿಯಾಗಿ ಆರಿಹೋಗುತ್ತದೆ."

ಮಗಳು ಕೇಳಿದಳು: "ನನಗೆಂದು ತಂದ ಗೊಂಬೆಯನ್ನೂ ಕವರ್ ಬಿಚ್ಚದೆ ಶೋಕೇಸಿನಲ್ಲಿ ಇಟ್ಟವನು ನೀನು. ಪ್ರೊಸೆಸರ್ ಮೇಲೆ ಕೂಲರ್ ಕೂರಿಸಿದೆಯಲ್ಲ, ಅದರ ತಳದ ಪ್ಲಾಸ್ಟಿಕ್ ಹಾಳೆ ತೆಗೆದೆಯಾ?"

ಹಾಳೆಯನ್ನು ಅವನು ನೋಡಿದ್ದ. ಅದನ್ನು ತೆಗೆಯಬೇಕೆಂದು ಬರೆದದ್ದನ್ನೂ ಓದಿದ್ದ. ತಳದ ತಾಮ್ರ ಅಷ್ಟು ಚೆನ್ನಾಗಿ ಹೊಳೆಯುತ್ತಿದೆ, ಗೀರು ಬೀಳುವುದು ಬೇಡ ಎಂದು ತಾನೇ ಬಿಟ್ಟಿದ್ದ. ಪ್ರೊಸೆಸರಿನ ಬಿಸಿ ಹೀರಲೆಂದೇ ಇದ್ದ ಕೂಲರ್ ಅದರ ಮೇಲೆಯೇ ಕೂತಿತ್ತು, ಸ್ಕ್ರೂ ಬಿಗಿದು ಗಟ್ಟಿಯಾಗಿ ಕೂತಿತ್ತು. ಎರಡೂ ಒಂದನ್ನೊಂದು ಮುಟ್ಟಿರಲಿಲ್ಲ, ಅಷ್ಟೇ.

ಅವನು ಆಗಿಂದಾಗಲೇ ಕೂಲರ್ ಬಿಚ್ಚಿ ಹಾಳೆ ಕಿತ್ತ. ಆ ಭಾನುವಾರ ಇಬ್ಬರೂ ಸಂಜೆಯ ತನಕ ಆಡಿದರು. ಮಗಳು ಬೈದಳು, ಅತ್ತಳು, ನಕ್ಕಳು. ಅವನು ಕೂತ ಜಾಗ ಬಿಟ್ಟು ಏಳಲಿಲ್ಲ. ಆಮೇಲೆ ಗೊಂಬೆಯ ಕವರನ್ನೂ ಹರಿದು ಅವಳಿಗೆ ಕಳಿಸಿಕೊಟ್ಟ. ಗೊಂಬೆ ಹೊಚ್ಚ ಹೊಸದಾಗಿಯೇ ಇತ್ತು. ಗೊಂಬೆಯಾಟದ ವಯಸ್ಸು ಮಗಳಿಗೆ ಎಂದೋ ಕಳೆದಿತ್ತು.

ಗುರುಗಳು ಕತೆ ನಿಲ್ಲಿಸಿದರು. ಪಂಚಾಕ್ಷರಿ ತಲೆ ತಗ್ಗಿಸಿ ಕೂತಿದ್ದ. ಆದರೂ ಹಟ ಬಿಡಲಿಲ್ಲ.

"ಹಾಗಾದರೆ ನನ್ನ ಮೌನವ್ರತ, ಬುದ್ಧೀ?"

"ನಿನ್ನ ತಂಗಿ ಬೆಳಗಿನಿಂದ ಜಗಲಿಯಲ್ಲಿ ಕೂತಿದ್ದಾಳೆ, ನಿನಗೆ ಇನ್ನೊಂದು ಫ್ಯಾನು ಬೇಕೇನಪ್ಪಾ?"